ಎರಡು ಕಿಟಕಿ ಕಡಿಮೆ

ಅಲ್ಲಿ ಕೂರಬೇಡ ತಮ್ಮಾ, ಆ ಕಲ್ಲು ಜಾರುತ್ತದೆ.
ಮೇಲೆ ಬೆಟ್ಟದಲ್ಲಿ ಹಿಮ ಕರಗುವ ವಾರ
ಆದಿಜೆ ಹೀಗೇ, ಹಾಲು ಬೆರೆಸಿದ ಹಸಿರು,
ಕಾಲಿಟ್ಟರೆ ಮೂಳೆಗೇ ಬಾಯಿ ಹಾಕುತ್ತದೆ.
ಈಚೆ ಕಟ್ಟೆಗೆ ಬಾ. ಸೇತುವೆ, ಗೋಪುರ, ಕೌಂಟನ ಅರಮನೆ
ಮೂರೂ ಸಿಗುತ್ತವೆ ಇಲ್ಲಿಂದ.
ಹೇಗೆ ಗೊತ್ತು ಅಂದೆಯಾ?
ನಿನ್ನ ಕಸುಬಿನವನೊಬ್ಬ ಇಪ್ಪತ್ತಾರು ದಿನ
ಇದೇ ಕಟ್ಟೆಯ ಮೇಲೆ ಕೂತಿದ್ದ.

ನಾವು ಮೂಟೆ ಇಳಿಸುತ್ತಿದ್ದ ಕಟ್ಟೆ ಇದು.
ಅಗೋ, ಆ ಕಬ್ಬಿಣದ ಬಳೆ ಇದೆಯಲ್ಲ,
ಅದಕ್ಕೆ ಸರಪಳಿಯಲ್ಲಿ ಕಟ್ಟಿದ್ದೆವು ಗಿರಣಿಯನ್ನು.
ದೋಣಿಯ ಮೇಲಿನ ಗಿರಣಿ. ಹೊಳೆ ಚಕ್ರ ತಿರುಗಿಸುತ್ತಿತ್ತು,
ನಾವು ಅಲುಗುತ್ತ ಉಂಡೆವು, ಅಲುಗುತ್ತ ಮಲಗಿದೆವು,
ನನ್ನ ಮಕ್ಕಳಿಗೆ ನೆಲದ ಮೇಲೆ
ನಿದ್ದೆಯೇ ಹತ್ತುತ್ತಿರಲಿಲ್ಲ.

ಬೊರ್ತೊಲೊ ಕಾಲೆಗಾರಿ ಅಂತ ಅವನ ಹೆಸರು.
ಮೂಗಿನ ಮೇಲೊಂದು ನರುಲಿ, ಜೇಬಿನ ತುಂಬ ಬೆಳ್ಳುಳ್ಳಿ.
ದಿನಕ್ಕೆ ಮೂರು ಸೋಲ್ದಿ ಬಾಡಿಗೆ ಎಂದೆ. ಎರಡಕ್ಕೆ ಇಳಿಸಿದ.
ಕೊಟ್ಟದ್ದು ಒಂದು, ಅದೂ ಅಂಚು ಸವೆದದ್ದು.

ಅವನದೊಂದು ಕರಿ ಪೆಟ್ಟಿಗೆ, ಮುಂದೆ ಗಾಜಿನ ಕಣ್ಣು.
ಒಂದು ಮಧ್ಯಾಹ್ನ ಅವನು ಉಣ್ಣಲು ಎದ್ದಾಗ
ಹಿಟ್ಟು ಮೆತ್ತಿದ ತಲೆಯನ್ನು ಪರದೆಯೊಳಗೆ ತೂರಿಸಿದೆ.
ದೇವರೇ!
ವೆರೋನಾ ತಲೆಕೆಳಗಾಗಿ ನೇತಾಡುತ್ತಿತ್ತು,
ಗೋಪುರಗಳು ಬಾವಲಿಗಳ ಹಾಗೆ.
ಹೊಳೆ ಮೇಲೆ, ಆಕಾಶದ ಜಾಗದಲ್ಲಿ,
ಒಂದು ಹನಿಯೂ ಕೆಳಗೆ ಬೀಳದೆ.
ದಡದಲ್ಲಿ ನನ್ನ ಗಂಡ ಮೂಟೆ ಹೊತ್ತು
ಕಾಲು ಮೇಲೆ ಮಾಡಿ ನಡೆಯುತ್ತಿದ್ದ.
ತೋನಿನ್, ಬೀಳುತ್ತೀ! ಅಂತ ಕಿರುಚಿದೆ.
ಹೊರಗಿನ ತೋನಿನ್ ನೆಟ್ಟಗೆ ನಿಂತು ಬೈದ.

ಒಂದು ದಿನ ಹಿಡಿ ಹಿಟ್ಟು ಕೇಳಿದ.
ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ,
ನಿನ್ನ ಹಿಟ್ಟು ನೀಲಿ ಕಣಮ್ಮಾ, ಎಂದ.
ಕಲಬೆರಕೆ ಅನ್ನುತ್ತಿದ್ದಾನೆಂದು ಜಗಳಕ್ಕೇ ನಿಂತೆ.

ಬಣ್ಣವೆಲ್ಲ ಮುಗಿಯುತ್ತ ಬಂದಾಗ
ಅರಮನೆಯ ಕಿಟಕಿ ಎಣಿಸಿದೆ.
ಓದು ಬಾರದು, ಎಣಿಕೆ ಬರುತ್ತದೆ.
ಹನ್ನೊಂದು.
ಸಿಯೊರ್, ಹದಿಮೂರಲ್ಲವೇ?
ಅವನು ಕುಂಚ ಕಚ್ಚಿಕೊಂಡೇ ಹೇಳಿದ,
ಹದಿಮೂರೂ ಬರೆದರೆ ಅಂಚಿನಲ್ಲಿ ನಿನ್ನ ಗಿರಣಿ ಹಿಡಿಸುವುದಿಲ್ಲ.
ಯಾವುದಿರಲಿ, ನೀನೇ ಹೇಳು.

ಯಾರು ಕೇಳಿದ್ದರು ನನ್ನನ್ನು ಹಾಗೆ?
ಸುಂಕದವನು ಕೇಳಿದ್ದನೇ, ಪಾದ್ರಿ ಕೇಳಿದ್ದನೇ?
ಅಂತೂ ಕೌಂಟನ ಎರಡು ಕಿಟಕಿ ಹೋಗಿ
ನನ್ನ ಚಕ್ರ ಬಂತು, ಸೊಟ್ಟ ಮಾಡು ಬಂತು,
ಹಗ್ಗದ ಮೇಲೆ ಮಗುವಿನ ಒದ್ದೆ ಅಂಗಿ ಬಂತು.
ನಾನೊಂದು ಕೆಂಪು ಚುಕ್ಕೆ, ಅದರ ಮೇಲೊಂದು ಬಿಳಿ.
ಮುಖ ಎಲ್ಲಿ ಅಂದರೆ
ಅಷ್ಟು ದೂರಕ್ಕೆ ಯಾರಿಗೂ ಮುಖ ಇರುವುದಿಲ್ಲ ಎಂದ.

ಇಂಗ್ಲೆಂಡಿನ ಯಾವನೋ ದೊರೆ ಕೊಂಡನಂತೆ.
ಸುರುಳಿ ಸುತ್ತಿಕೊಂಡು ಹೇಸರಗತ್ತೆಯ ಬೆನ್ನೇರಿ
ನಾವು ದಾಟದ ಬೆಟ್ಟ ದಾಟಿತು ನಮ್ಮ ಗಿರಣಿ.

ಮರುವರ್ಷ ಸೆಪ್ಟೆಂಬರಿನಲ್ಲಿ ಹೊಳೆ ಏರಿತು.
ರಾತ್ರಿ ಸರಪಳಿ ಹರಿಯಿತು. ಸೇತುವೆಯ ಕಂಬಕ್ಕೆ ಬಡಿದ ಸದ್ದು
ಇಲ್ಲಿಗೇ ಕೇಳಿಸಿತು.
ತೋನಿನ್ ಒಳಗಿದ್ದ.

ಈಗ ರೊಟ್ಟಿಯವನ ಅಂಗಡಿಯಲ್ಲಿ ನಾದುತ್ತೇನೆ.
ಬೆಳಗಿನ ಜಾವ, ದೀಪ ಆರಿಸಿ ಬಾಗಿಲು ತೆರೆದಾಗ,
ಹೌದು, ನೀಲಿ.
ಜಗಳವಾಡಿದ್ದು ತಪ್ಪಾಯಿತು.

ಅಗೋ ನೋಡು, ಅರಮನೆಯಲ್ಲಿ ದೀಪ ಹಚ್ಚುತ್ತಿದ್ದಾರೆ.
ಕೊನೆಯ ಆ ಎರಡು ಕಿಟಕಿಗೆ ಯಾವಾಗಲೂ ಕೊನೆಗೇ ಬೆಳಕು.
ದಿನಾ ನೋಡುತ್ತೇನೆ. ದೊರೆಯ ಗೋಡೆಯ ಮೇಲೆ
ಅವಿಲ್ಲ, ನಾವಿದ್ದೇವೆ.

ನೀನು ಹದಿಮೂರೂ ಬರೆ ತಮ್ಮಾ,
ಜಾಗ ಈಗ ಬೇಕಾದಷ್ಟಿದೆ.
ಕಟ್ಟೆಯ ಬಾಡಿಗೆ ಮೂರು ಸೋಲ್ದಿ.
ಮೊದಲೇ ಕೊಡು.